ಕೆರ್ನುನ್ನೋಸ್: ಗಾಲ್ ನಾಡಿನ ಕವಲುಗೊಂಬಿನ ದೇವರು – ಪದೇ ಪದೇ ಕೇಳುವ ಪ್ರಶ್ನೆಗಳು

ಕೆರ್ನುನ್ನೋಸ್ ಎಂದರೆ ಯಾರು?

ಸಾರಂಗದ ಕವಲೊಡೆದ ಕೊಂಬುಗಳನ್ನು ತಲೆಯ ಮೇಲೆ ಹೊತ್ತು, ಸಾಮಾನ್ಯವಾಗಿ ಚಕ್ಕಳಮಕ್ಕಳ ಹಾಕಿ ಕುಳಿತಂತೆ ಚಿತ್ರಿತನಾಗಿರುವ, ಪ್ರಾಚೀನ ಗಾಲ್ ನಾಡಿನ ಒಬ್ಬ ಕೆಲ್ಟಿಕ್ ದೇವರು. ಗಾಲ್ ಎಂದರೆ ಸುಮಾರಾಗಿ ಈಗಿನ ಫ್ರಾನ್ಸ್, ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್, ಅವುಗಳ ಜೊತೆಗೆ ಜರ್ಮನಿ ಹಾಗೂ ಸ್ವಿಟ್ಜರ್ಲೆಂಡಿನ ಕೆಲವು ಭಾಗಗಳು. ಕ್ರಿ.ಪೂ. 58ರಿಂದ 50ರವರೆಗೆ ಜೂಲಿಯಸ್ ಸೀಸರ್ ನಡೆಸಿದ ದಂಡಯಾತ್ರೆಗಳಲ್ಲಿ ಈ ನಾಡು ರೋಮನ್ನರ ವಶವಾಯಿತು. ಅನಂತರದ ಶತಮಾನಗಳಲ್ಲಿ ಸ್ಥಳೀಯ ದೇವರುಗಳೂ ರೋಮಿನ ದೇವರುಗಳೂ ಒಂದೇ ಕಲ್ಲಿನಲ್ಲಿ, ಒಂದೇ ಗುಡಿಯಲ್ಲಿ, ಕೆಲವೊಮ್ಮೆ ಒಂದೇ ಜೋಡಿ ಹೆಸರಿನಲ್ಲಿ ಕಾಣಿಸಿಕೊಳ್ಳತೊಡಗಿದ ಆಚರಣೆಯನ್ನೇ ವಿದ್ವಾಂಸರು ಗಾಲೋ-ರೋಮನ್ ಧರ್ಮವೆಂದು ಕರೆಯುತ್ತಾರೆ.

ಈ ದೇವರ ಬಗ್ಗೆ ಏನನ್ನು ಓದುವಾಗಲೂ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅವನ ಹೆಸರೂ ಚಿತ್ರವೂ ಒಟ್ಟಿಗೆ ಇರುವುದು ಒಂದೇ ಒಂದು ಕಲ್ಲಿನ ಮೇಲೆ. ಉಳಿದ ಕೊಂಬಿನ ಮೂರ್ತಿಗಳಿಗೆಲ್ಲ ಆ ಹೆಸರನ್ನು ಕೊಟ್ಟವರು ಆಧುನಿಕ ಕಾಲದ ವಿದ್ವಾಂಸರು.

ಆ ಒಂದು ಕಲ್ಲು ಯಾವುದು? ಅದು ಎಲ್ಲಿ ಸಿಕ್ಕಿತು?

ಅದನ್ನು ‘ಅಂಬಿಗರ ಕಂಬ’ ಎಂದು ಕರೆಯಬಹುದು. 1711ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯ ಒಳಭಾಗದಲ್ಲಿ, ಆರ್ಚ್‌ಬಿಷಪ್ಪರ ಸಮಾಧಿಗಳಿಗಾಗಿ ನೆಲಮಾಳಿಗೆಯೊಂದನ್ನು ಅಗೆಯುತ್ತಿದ್ದಾಗ, ಹಳೆಯ ಗೋಡೆಯೊಂದಕ್ಕೆ ಬಳಸಿದ್ದ ಕೆತ್ತನೆಯ ಕಲ್ಲುಗಳು ಹೊರಬಂದವು. ಒಂದು ಕಾಲದಲ್ಲಿ ಒಂದರ ಮೇಲೊಂದು ಕೂತು ಎತ್ತರವಾದ ಕಂಬವಾಗಿದ್ದ ಚೌಕ ಕಲ್ಲುಗಳವು. ಒಂದರ ಮೇಲೆ ಲ್ಯಾಟಿನ್ ಶಾಸನವಿದೆ: ತಿಬೇರಿಯಸ್ ಸೀಸರ್ ಆಗಸ್ಟಸ್ ಆಳುತ್ತಿದ್ದಾಗ, ಪರಿಸಿ ಜನರ ಅಂಬಿಗರು, ಅತ್ಯುತ್ತಮನೂ ಅತಿ ಹಿರಿಯನೂ ಆದ ಜೂಪಿಟರ್ ದೇವರಿಗೆ ಸಾರ್ವಜನಿಕವಾಗಿ ಇದನ್ನು ನಿಲ್ಲಿಸಿದರು ಎಂಬುದು ಅದರ ಸಾರ. ರೋಮಿನ ಸಾಮ್ರಾಟನಾದ ತಿಬೇರಿಯಸ್ ಕ್ರಿ.ಶ. 14ರಿಂದ 37ರವರೆಗೆ ಆಳಿದವನಾದ್ದರಿಂದ ಕಂಬದ ಕಾಲದ ಬಗ್ಗೆ ಹೆಚ್ಚು ತಕರಾರಿಲ್ಲ. ಸೆನ್ ನದಿಯಲ್ಲಿ ಸರಕು ಸಾಗಿಸುತ್ತಿದ್ದ ಈ ಅಂಬಿಗರು ಬಡ ದೋಣಿಯವರಲ್ಲ, ಸಂಘ ಕಟ್ಟಿಕೊಂಡು ಹಣವನ್ನೂ ವರ್ಚಸ್ಸನ್ನೂ ಗಳಿಸಿದ್ದ ವರ್ತಕರು. ಪ್ಯಾರಿಸ್ ಎಂಬ ಹೆಸರು ಬಂದದ್ದು ಇದೇ ಪರಿಸಿ ಜನರಿಂದ.

ಕಂಬದ ಮುಖಗಳ ಮೇಲೆ ಜೂಪಿಟರ್, ವಲ್ಕನ್, ಕ್ಯಾಸ್ಟರ್ ಮತ್ತು ಪೊಲಕ್ಸ್‌ರಂತಹ ರೋಮಿನ ಪರಿಚಿತ ದೇವರುಗಳಿದ್ದಾರೆ. ಅವರ ಪಕ್ಕದಲ್ಲೇ, ಯಾವ ಸಂಕೋಚವೂ ಇಲ್ಲದೆ, ಗಾಲ್ ಜನರ ದೇವರುಗಳೂ ಇದ್ದಾರೆ: ಮರ ಕಡಿಯುತ್ತಿರುವ ಏಸುಸ್, ಬೆನ್ನಿನ ಮೇಲೂ ತಲೆಯ ಮೇಲೂ ಮೂರು ಕೊಕ್ಕರೆಗಳನ್ನು ಹೊತ್ತ ಗೂಳಿ, ಎದುರಿಗಿರುವ ಹಾವಿಗೆ ಆಯುಧವೆತ್ತಿದ ಸ್ಮೆರ್ತ್ರಿಯೋಸ್. ಅವರ ನಡುವೆ ಗಡ್ಡಧಾರಿಯಾದ ಒಬ್ಬ ವೃದ್ಧ. ಅವನಿಗೆ ಸಾರಂಗದ ಕಿವಿಗಳು, ಸಾರಂಗದ ಕೊಂಬುಗಳು, ಮತ್ತು ಒಂದೊಂದು ಕೊಂಬಿಗೂ ಜೋತುಬಿದ್ದಿರುವ ಒಂದೊಂದು ಲೋಹದ ಕೊರಳಬಳೆ. ತಲೆಯ ಮೇಲ್ಭಾಗದಲ್ಲಿ ಹೆಸರು.

ಆ ಹೆಸರು ಈಗಲೂ ಓದಲು ಬರುತ್ತದೆಯೆ?

ಪೂರ್ತಿಯಾಗಿ ಇಲ್ಲ. ಕಲ್ಲು ಸಿಕ್ಕ ಹೊಸದರಲ್ಲಿ ಅದನ್ನು ನೋಡಿದವರು ‘ಕೆರ್ನುನ್ನೋಸ್’ ಎಂದು ಓದಿ ಚಿತ್ರ ಬರೆದುಕೊಂಡರು. ಇಂದು ಮೊದಲ ಅಕ್ಷರ ಸವೆದುಹೋಗಿದೆ, ಉಳಿದವೂ ಮಸುಕಾಗಿವೆ. ಹದಿನೆಂಟನೆಯ ಶತಮಾನದ ಆ ಚಿತ್ರಗಳು ಇಲ್ಲದಿದ್ದರೆ ಈ ದೇವರನ್ನು ನಾವು ತಲೆಯಕ್ಷರವಿಲ್ಲದ ಹೆಸರಿನಿಂದ ಕರೆಯಬೇಕಾಗುತ್ತಿತ್ತು. ಕಲ್ಲಿನ ಕೆಳಗಿನ ಅರ್ಧವೂ ನಷ್ಟವಾಗಿದೆ. ಹಾಗಾಗಿ ಪ್ಯಾರಿಸ್ಸಿನ ಕೆರ್ನುನ್ನೋಸ್ ಚಕ್ಕಳಮಕ್ಕಳ ಹಾಕಿ ಕುಳಿತಿದ್ದನೆಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಉಳಿದ ಜಾಗದಲ್ಲಿ ನಿಂತ ಆಕೃತಿಯ ಕಾಲುಗಳು ಹಿಡಿಸುವುದಿಲ್ಲವೆಂಬ ಲೆಕ್ಕಾಚಾರದಿಂದ ಬಂದ ಊಹೆ ಅದು. ನನ್ನ ಮಟ್ಟಿಗೆ ಇದು ಸಮಂಜಸವಾದ ಊಹೆಯೇ ಆದರೂ ಊಹೆಯೆಂದೇ ಹೇಳಬೇಕು.

ಹೆಸರಿನ ಅರ್ಥವೇನು?

ಗಾಲ್ ಭಾಷೆಯಲ್ಲಿ ‘ಕಾರ್ನೊನ್’ ಎಂದರೆ ಕೊಂಬು. ಗ್ರೀಕ್ ನಿಘಂಟುಕಾರ ಹೆಸಿಕಿಯಸ್ ಗಲಾತ್ಯರು, ಅಂದರೆ ಏಷ್ಯಾ ಮೈನರಿನ ಕೆಲ್ಟರು, ಕಹಳೆಯನ್ನು ಇದೇ ಶಬ್ದದಿಂದ ಕರೆಯುತ್ತಿದ್ದರೆಂದು ದಾಖಲಿಸಿದ್ದಾನೆ. ಪ್ರಾಣಿಯ ತಲೆಯ ಮೇಲಿನದಕ್ಕೂ ಊದುವ ವಾದ್ಯಕ್ಕೂ ಒಂದೇ ಹೆಸರಿರುವುದು ಕನ್ನಡದವರಿಗೆ ವಿಚಿತ್ರವೆನಿಸಲಾರದು, ನಮ್ಮ ‘ಕೊಂಬು’ ಕೂಡ ಎರಡಕ್ಕೂ ಸಲ್ಲುತ್ತದೆ. ಲ್ಯಾಟಿನ್ನಿನ ‘ಕೊರ್ನು’, ಇಂಗ್ಲಿಷಿನ ‘ಹಾರ್ನ್’ ಮತ್ತು ಸಂಸ್ಕೃತದ ‘ಶೃಂಗ’ ಇವೆಲ್ಲ ಇದೇ ಇಂಡೋ-ಯುರೋಪಿಯನ್ ಮೂಲದವು. ಆದ್ದರಿಂದ ದೇವರ ಹೆಸರನ್ನು ‘ಕೊಂಬಿನವನು’ ಎಂದು ಬಿಡಿಸುವುದು ವಾಡಿಕೆ. ‘ಕಾರ್ನ್’ ಇರಬೇಕಾದ ಕಡೆ ‘ಕೆರ್ನ್’ ಏಕೆ ಬಂತೆಂಬ ಸ್ವರದ ತೊಡಕು ಮಾತ್ರ ಭಾಷಾವಿಜ್ಞಾನಿಗಳ ನಡುವೆ ಇನ್ನೂ ಚರ್ಚೆಯಲ್ಲಿದೆ.

ಶಬ್ದಗಳ ನಂಟು ದೇವರುಗಳ ನಂಟಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ‘ಶೃಂಗ’ ಮತ್ತು ‘ಕಾರ್ನೊನ್’ ದಾಯಾದಿ ಶಬ್ದಗಳಾದ ಮಾತ್ರಕ್ಕೆ, ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ ನೆತ್ತಿಯ ಮೇಲೆ ಕೊಂಬು ಪಡೆದ, ಶೃಂಗೇರಿಯ ಬಳಿಯ ಕಿಗ್ಗದಲ್ಲಿ ಪೂಜೆಗೊಳ್ಳುವ ನಮ್ಮ ಋಷ್ಯಶೃಂಗನೂ ಪ್ಯಾರಿಸ್ಸಿನ ಈ ಮುದುಕನೂ ಸೋದರರಾಗುವುದಿಲ್ಲ.

ಬೇರೆ ಶಾಸನಗಳಲ್ಲಿ ಈ ಹೆಸರು ಇಲ್ಲವೆ?

ಹೋಲುವ ಹೆಸರುಗಳಿವೆ. ದಕ್ಷಿಣ ಫ್ರಾನ್ಸಿನ ಮೊಂತಾನ್ಯಾಕ್‌ನಲ್ಲಿ ಗಾಲ್ ಭಾಷೆಯನ್ನು ಗ್ರೀಕ್ ಲಿಪಿಯಲ್ಲಿ ಬರೆದ ಒಂದು ಶಾಸನ ಸಿಕ್ಕಿದೆ. ಅಲ್ಲೆತಿನೋಸ್ ಎಂಬವನು ‘ಕಾರ್ನೋನೋಸ್’ ದೇವರಿಗೆ ಕೊಟ್ಟ ಕಾಣಿಕೆ ಅದರ ವಿಷಯವೆಂದು ಓದಲಾಗಿದೆ. ಆ ಭಾಗದಲ್ಲಿ ಗ್ರೀಕ್ ಲಿಪಿ ಹೇಗೆ ಬಂತೆಂದರೆ, ಇಂದಿನ ಮಾರ್ಸೇಯ್ ಆದ ಮಸ್ಸಾಲಿಯಾ ಗ್ರೀಕರ ವಸಾಹತಾಗಿತ್ತು, ಅಲ್ಲಿಂದ ಅಕ್ಷರಗಳು ಒಳನಾಡಿಗೆ ಹಬ್ಬಿದವು. ಲಕ್ಸೆಂಬರ್ಗಿನ ಸ್ಟೈನ್ಸೆಲ್‌ನಲ್ಲಿ, ಅಂದರೆ ತ್ರೆವೆರಿ ಜನರ ಸೀಮೆಯಲ್ಲಿ, ದೊರೆತ ಲೋಹದ ಫಲಕಗಳಲ್ಲಿ ‘ದೇವರಾದ ಕೆರುನಿಂಕುಸ್‌ಗೆ’ ಎಂಬ ಒಕ್ಕಣೆಯಿದೆ.

ಮೂರನೆಯದು ದೂರದ ದಾಕಿಯಾದಿಂದ, ಇಂದಿನ ರೊಮೇನಿಯಾದ ಚಿನ್ನದ ಗಣಿಗಳ ಊರಿನಿಂದ ಬಂದದ್ದು. ಅದು ಶಿಲಾಶಾಸನವಲ್ಲ, ಮೇಣ ಬಳಿದ ಹಲಗೆಯ ಮೇಲೆ ಗೀಚಿದ ಒಂದು ಪ್ರಕಟಣೆ, ಕ್ರಿ.ಶ. 167ರ ಫೆಬ್ರವರಿ 9ರಂದು ಬರೆದದ್ದು. ‘ಜೂಪಿಟರ್ ಕೆರ್ನೇನುಸ್’ ಹೆಸರಿನ ಸಂಘವೊಂದು ಸದಸ್ಯರ ಅಂತ್ಯಸಂಸ್ಕಾರದ ಖರ್ಚು ನೋಡಿಕೊಳ್ಳುತ್ತಿತ್ತು. 54 ಜನರಿದ್ದ ಆ ಸಂಘದಲ್ಲಿ ಊರಿನಲ್ಲಿ ಉಳಿದವರು 17 ಮಂದಿ, ಸಭೆಗೆ ಬರುವವರಿಲ್ಲ, ಪೆಟ್ಟಿಗೆಯಲ್ಲಿ ಹಣವಿಲ್ಲ, ಆದ್ದರಿಂದ ಇನ್ನು ಮುಂದೆ ಯಾರಾದರೂ ಸತ್ತರೆ ಸಂಘದಿಂದ ಏನನ್ನೂ ನಿರೀಕ್ಷಿಸಬಾರದು ಎಂದು ಅದರ ಮುಖ್ಯಸ್ಥನೂ ಖಜಾಂಚಿಗಳೂ ತಿಳಿಸುತ್ತಾರೆ. ಈ ಕೆರ್ನೇನುಸ್ ನಮ್ಮ ಕೆರ್ನುನ್ನೋಸನೇ ಎಂಬುದು ಸಾಬೀತಾದ ಮಾತಲ್ಲ, ಅದೊಂದು ಊರಿನ ಹೆಸರಿನಿಂದ ಬಂದ ವಿಶೇಷಣವೂ ಆಗಿರಬಹುದು. ಆದರೂ ಚೀಟಿ ಗುಂಪು ಮುಚ್ಚಿದ ಹಾಗಿರುವ ಆ ಪ್ರಕಟಣೆಯನ್ನು ಓದಿದವರು ಅದನ್ನು ಬೇಗ ಮರೆಯಲಾರರು.

ಹೆಸರಿಲ್ಲದ ಕೊಂಬಿನ ಮೂರ್ತಿಗಳು ಎಲ್ಲೆಲ್ಲಿ ಇವೆ?

ಬಹುಪಾಲು ಉತ್ತರ ಹಾಗೂ ಮಧ್ಯ ಫ್ರಾನ್ಸಿನಲ್ಲಿ. ಅವುಗಳಲ್ಲಿ ಬಹಳ ಸ್ಪಷ್ಟವಾದದ್ದು ರೆಂಸ್ ನಗರದ ಉಬ್ಬುಶಿಲ್ಪ. ದೇವರು ನಡುವೆ ಪೀಠದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾನೆ, ಒಂದು ಪಕ್ಕ ಅಪೊಲೊ, ಇನ್ನೊಂದು ಪಕ್ಕ ಮರ್ಕ್ಯುರಿ ನಿಂತಿದ್ದಾರೆ. ಮಡಿಲಿನ ಚೀಲದಿಂದ ಏನೋ ಧಾರೆಯಾಗಿ ಕೆಳಗೆ ಸುರಿಯುತ್ತಿದೆ. ಅದು ಧಾನ್ಯವೊ ನಾಣ್ಯವೊ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಕೆಳಗೆ ಒಂದು ಸಾರಂಗವೂ ಒಂದು ಗೂಳಿಯೂ ಆ ಧಾರೆಯ ಎರಡು ಬದಿಗೆ ನಿಂತಿವೆ, ಮೇಲಿನ ತ್ರಿಕೋನದಲ್ಲಿ ಒಂದು ಇಲಿಯಿದೆ. ರೋಮಿನ ದೇವರುಗಳು ಎರಡೂ ಬದಿಗೆ ಪರಿವಾರದಂತೆ ನಿಂತು, ಸ್ಥಳೀಯ ದೇವರು ಮಧ್ಯದ ಗೌರವದ ಸ್ಥಾನದಲ್ಲಿ ಕೂತಿರುವ ಈ ಏರ್ಪಾಡು, ಗೆದ್ದವರ ಧರ್ಮವು ಸೋತವರ ಧರ್ಮವನ್ನು ಅಳಿಸಿಹಾಕಿತೆಂಬ ಸರಳ ಕಥೆಗೆ ಅಷ್ಟಾಗಿ ಒಗ್ಗುವುದಿಲ್ಲ.

ಬರ್ಗಂಡಿ ಸೀಮೆಯ ಎತಾಂಗ್-ಸುರ್-ಅರ್ರೂ ಎಂಬಲ್ಲಿಂದ ಬಂದ ಚಿಕ್ಕ ಕಂಚಿನ ಮೂರ್ತಿಯನ್ನು ಹತ್ತಿರದಿಂದ ನೋಡಬೇಕು. ಸೊಂಟವನ್ನು ಬಳಸಿದ ಎರಡು ಹಾವುಗಳಿಗೆ ಟಗರಿನ ಕೊಂಬುಗಳಿವೆ, ಅವು ಅವನ ಮಡಿಲಲ್ಲಿ ಮೇಯುತ್ತಿರುವಂತಿವೆ. ಕೊರಳಲ್ಲಿ ಒಂದು ಕೊರಳಬಳೆ, ಎದೆಯ ಮೇಲೆ ಇನ್ನೊಂದು. ತಲೆಯ ಎರಡು ಬದಿಗಳಲ್ಲಿ ಪುಟ್ಟ ಮುಖಗಳು. ನೆತ್ತಿಯಲ್ಲಿ ಎರಡು ತೂತುಗಳು ಮಾತ್ರ ಉಳಿದಿವೆ. ಅವುಗಳಲ್ಲಿ ಕೊಂಬುಗಳನ್ನು ಸಿಕ್ಕಿಸುತ್ತಿದ್ದಿರಬೇಕು, ಹಾಗೆಯೇ ತೆಗೆಯುತ್ತಲೂ ಇದ್ದಿರಬಹುದು. ಸಾರಂಗವು ಪ್ರತಿ ವರ್ಷ ಕೊಂಬು ಉದುರಿಸಿ ಮತ್ತೆ ಬೆಳೆಸಿಕೊಳ್ಳುವ ಪ್ರಾಣಿಯಾದ್ದರಿಂದ, ಋತುಮಾನಕ್ಕೆ ತಕ್ಕಂತೆ ದೇವರಿಗೂ ಕೊಂಬು ತೊಡಿಸಿ ಇಳಿಸುವ ಆಚರಣೆ ಇತ್ತೆಂದು ಕೆಲವರು ಊಹಿಸಿದ್ದಾರೆ. ಉತ್ಸವಕ್ಕೊಂದು ಅಲಂಕಾರ ಮಾಡುವ ಪದ್ಧತಿಯನ್ನು ಕಂಡು ಬೆಳೆದ ನಮಗೆ ಆ ಊಹೆ ತೀರ ಸಹಜವೆನಿಸುತ್ತದೆ. ಎಚ್ಚರಿಕೆ ಬೇಕಾಗುವುದೂ ಅದಕ್ಕಾಗಿಯೇ.

ವಾಂದೂವ್ರ್‌ನ ಕಲ್ಲಿನಲ್ಲಿ ಕೊಂಬಿನ ದೇವರು ಎಳೆಯ ಪ್ರಾಯದವನು, ಹಾವುಗಳ ಮೇಲೆ ನಿಂತ ಇಬ್ಬರು ಹುಡುಗರು ಅವನ ಕೊಂಬುಗಳನ್ನು ಹಿಡಿದಿದ್ದಾರೆ. ಬೆಸಾನ್ಸೋನ್‌ನದೆಂದು ಹೇಳಲಾಗುವ ಒಂದು ಕಂಚಿನ ಮೂರ್ತಿಯಲ್ಲಂತೂ ಕೊಂಬು ಹೊತ್ತು ಕುಳಿತಿರುವವಳು ದೇವಿ. ಮುದುಕ, ಹುಡುಗ, ಮೂರು ಮುಖದವನು, ಹೆಂಗಸು, ಇಷ್ಟು ಬಗೆಯ ಆಕೃತಿಗಳಿಗೆ ಒಂದೇ ಹೆಸರು ಹೊಂದುತ್ತದೆಯೆ ಎಂಬ ಸಂದೇಹ ನ್ಯಾಯವಾದದ್ದೇ.

ಅವನು ಯಾವುದರ ದೇವರು?

ಸಂಪತ್ತು, ಸಮೃದ್ಧಿ, ಪ್ರಾಣಿಗಳು, ಪ್ರಾಯಶಃ ಭೂಮಿಯ ಒಳಗಿನ ಲೋಕ. ಇವು ಮೂರ್ತಿಗಳ ಚೀಲ, ಕೊರಳಬಳೆ, ಸಾರಂಗ ಮತ್ತು ಹಾವುಗಳನ್ನು ನೋಡಿ ಮಾಡಿದ ತೀರ್ಮಾನಗಳು. ಅವನ ಕಥೆಯನ್ನು ಹೇಳುವ ಪುರಾಣ ಒಂದೂ ಉಳಿದಿಲ್ಲ. ಡ್ರುಯಿಡ್ ಪುರೋಹಿತರು ತಮ್ಮ ವಿದ್ಯೆಯನ್ನು ಬರೆದಿಡದೆ ಬಾಯಿಪಾಠದಲ್ಲಿ ಮಾತ್ರ ಕಾಪಾಡುತ್ತಿದ್ದರೆಂದು ಸೀಸರ್ ಹೇಳುತ್ತಾನೆ. ಆ ಪರಂಪರೆ ಕಡಿದ ದಿನವೇ ಕಥೆಗಳೂ ಹೋದವು.

‘ಕಾಡಿನ ಒಡೆಯ’, ‘ಮೃಗಗಳ ಒಡೆಯ’ ಎಂಬ ಬಿರುದುಗಳು ಜನಪ್ರಿಯವಾಗಿದ್ದರೂ ಯಾವ ಶಾಸನದಲ್ಲೂ ಇಲ್ಲ. ನನ್ನನ್ನು ಕೇಳಿದರೆ ಪ್ಯಾರಿಸ್ ಮತ್ತು ರೆಂಸ್ ನಗರಗಳ ಸಾಕ್ಷ್ಯ ಹೆಚ್ಚು ಒಲಿಯುವುದು ಕಾಡಿಗಿಂತ ಪೇಟೆಯ ಕಡೆಗೆ. ಅಂಬಿಗರು ನಿಲ್ಲಿಸಿದ ಕಂಬ, ತುಂಬಿದ ಚೀಲ, ಪಕ್ಕದಲ್ಲಿ ವ್ಯಾಪಾರದ ದೇವರಾದ ಮರ್ಕ್ಯುರಿ ಇವೆಲ್ಲ ಲಾಭ ಬೇಡುವ ಜನರ ದೇವರನ್ನು ತೋರಿಸುತ್ತವೆ.

ಸೀಸರ್ ಇವನ ಬಗ್ಗೆ ಬರೆದಿದ್ದಾನೆಯೆ?

ಹೆಸರು ಹಿಡಿದು ಬರೆದಿಲ್ಲ. ಗಾಲ್ ಜನರು ಎಲ್ಲರಿಗಿಂತ ಹೆಚ್ಚಾಗಿ ಮರ್ಕ್ಯುರಿಯನ್ನೂ, ಅನಂತರ ಅಪೊಲೊ, ಮಾರ್ಸ್, ಜೂಪಿಟರ್ ಮತ್ತು ಮಿನರ್ವಾರನ್ನೂ ಪೂಜಿಸುತ್ತಾರೆ ಎಂದು ಅವನು ಬರೆಯುತ್ತಾನೆ. ಗಾಲ್ ಜನರು ಆ ಹೆಸರುಗಳನ್ನು ಬಳಸುತ್ತಿರಲಿಲ್ಲ. ಪರನಾಡಿನ ದೇವರುಗಳನ್ನು ತಮ್ಮ ದೇವರುಗಳ ಹೆಸರಿನಿಂದ ಕರೆಯುವ ರೋಮನ್ನರ ವಾಡಿಕೆ ಅದು. ಗಾಲ್ ಜನರೆಲ್ಲ ತಾವು ಪಾತಾಳದ ಒಡೆಯನಾದ ದೀಸ್ ಪಾತೆರ್‌ನ ಸಂತತಿಯೆಂದು ಹೇಳಿಕೊಳ್ಳುತ್ತಾರೆಂದೂ ಸೀಸರ್ ಸೇರಿಸುತ್ತಾನೆ. ಈ ಮೂಲಪುರುಷ ಕೆರ್ನುನ್ನೋಸನೇ ಎಂದು ವಾದಿಸಿದವರಿದ್ದಾರೆ, ಸುತ್ತಿಗೆ ಹಿಡಿದ ಸುಕೆಲ್ಲೋಸ್ ಎಂಬ ಇನ್ನೊಬ್ಬ ದೇವರೆಂದು ವಾದಿಸಿದವರೂ ಇದ್ದಾರೆ. ಕ್ರಿ.ಶ. ಮೊದಲನೆಯ ಶತಮಾನದ ಕವಿ ಲೂಕನ್ ರಕ್ತಬಲಿ ಬೇಡುವ ಗಾಲ್ ದೇವರುಗಳೆಂದು ತೆಉತಾತೆಸ್, ಏಸುಸ್, ತಾರಾನಿಸ್ ಎಂಬ ಮೂವರನ್ನು ಹೆಸರಿಸುತ್ತಾನೆ. ಆ ಪಟ್ಟಿಯಲ್ಲಿಯೂ ನಮ್ಮವನಿಲ್ಲ.

ಡೆನ್ಮಾರ್ಕಿನ ಬೆಳ್ಳಿಯ ಕೊಪ್ಪರಿಗೆಯ ಮೇಲಿರುವವನು ಇವನೇ ಏನು?

ಇಂಟರ್ನೆಟ್ಟಿನಲ್ಲಿ ‘ಕೆರ್ನುನ್ನೋಸ್’ ಎಂದು ಹುಡುಕಿದರೆ ಸಾಮಾನ್ಯವಾಗಿ ಮೊದಲು ಬರುವ ಚಿತ್ರ ಗುಂಡೆಸ್ಟ್ರುಪ್ ಕೊಪ್ಪರಿಗೆಯದು. 1891ರ ಮೇ 28ರಂದು ಡೆನ್ಮಾರ್ಕಿನ ಹಿಮ್ಮರ್‌ಲ್ಯಾಂಡ್ ಸೀಮೆಯ ಜೌಗಿನಲ್ಲಿ ಉರುವಲಿಗಾಗಿ ಜೌಗುಮಣ್ಣು ಕಡಿಯುತ್ತಿದ್ದವರಿಗೆ ಅದು ದೊರೆಯಿತು. ಬಿಡಿಸಿಟ್ಟ ಸ್ಥಿತಿಯಲ್ಲಿದ್ದ ತಗಡುಗಳನ್ನು ಜೋಡಿಸಿದಾಗ ಸುಮಾರು 69 ಸೆಂಟಿಮೀಟರ್ ಅಗಲದ, 9 ಕಿಲೋಗ್ರಾಮಿಗೆ ಹತ್ತಿರದ ತೂಕದ ಬೆಳ್ಳಿಯ ಪಾತ್ರೆ ರೂಪುಗೊಂಡಿತು. ಒಳಭಾಗದ ಒಂದು ತಗಡಿನಲ್ಲಿ ಕೊಂಬಿನ ವ್ಯಕ್ತಿ ಚಕ್ಕಳಮಕ್ಕಳ ಹಾಕಿ ಕುಳಿತು, ಬಲಗೈಯಲ್ಲಿ ಕೊರಳಬಳೆಯನ್ನೂ ಎಡಗೈಯಲ್ಲಿ ಟಗರಿನ ತಲೆಯ ಹಾವನ್ನೂ ಹಿಡಿದಿದ್ದಾನೆ. ಅವನಷ್ಟೇ ದೊಡ್ಡ ಕೊಂಬಿನ ಸಾರಂಗ ಪಕ್ಕದಲ್ಲಿದೆ.

ಕೊರಳಬಳೆ, ಹಾವು, ಸಾರಂಗ, ಕೂರುವ ಭಂಗಿ ನಾಲ್ಕೂ ಫ್ರಾನ್ಸಿನ ಮೂರ್ತಿಗಳಿಗೆ ಹೊಂದುತ್ತವೆ. ಆದರೆ ಕೊಪ್ಪರಿಗೆಯ ಮೇಲೆ ಬರಹವಿಲ್ಲ. ಅದು ಪ್ಯಾರಿಸ್ಸಿನ ಕಂಬಕ್ಕಿಂತ ಹಳೆಯದು, ಅದರ ಬೆಳ್ಳಿಕೆಲಸದ ಶೈಲಿ ಕಪ್ಪುಸಮುದ್ರದ ಪಶ್ಚಿಮದ ಥ್ರೇಸ್ ಪ್ರದೇಶದ್ದೆಂದು ಬಹಳಷ್ಟು ತಜ್ಞರ ಅಭಿಪ್ರಾಯ, ಇನ್ನೊಂದು ತಗಡಿನಲ್ಲಿ ಆನೆಗಳಂತಹ ಪ್ರಾಣಿಗಳೂ ಇವೆ. ಹೀಗಾಗಿ ‘ಕೆರ್ನುನ್ನೋಸನನ್ನು ಹೋಲುವ ಆಕೃತಿ’ ಎಂದರೆ ಸರಿಯಾಗುತ್ತದೆ.

ಮೊಹೆಂಜೊದಾರೊದ ‘ಪಶುಪತಿ’ ಮುದ್ರೆಗೂ ಇವನಿಗೂ ಸಂಬಂಧವಿದೆಯೆ?

ಭಾರತೀಯ ಓದುಗರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಆ ಮುದ್ರೆಯ ಪ್ರತಿ ಬದಿ ಮೂರೂವರೆ ಸೆಂಟಿಮೀಟರಿನಷ್ಟು ಮಾತ್ರ. ಅದರಲ್ಲಿ ಕೊಂಬಿನ ಕಿರೀಟ ಧರಿಸಿ ಕುಳಿತ ಆಕೃತಿಯ ಸುತ್ತ ಆನೆ, ಹುಲಿ, ಖಡ್ಗಮೃಗ ಮತ್ತು ಎಮ್ಮೆ ಇವೆ. 1931ರಲ್ಲಿ ಜಾನ್ ಮಾರ್ಷಲ್ ಅದನ್ನು ಶಿವನ ಪೂರ್ವರೂಪವೆಂದು ಗುರುತಿಸಿದ ಮೇಲೆ ‘ಪಶುಪತಿ’ ಎಂಬ ಹೆಸರು ನಿಂತಿತು. ಕೊಪ್ಪರಿಗೆಯ ಚಿತ್ರವನ್ನೂ ಮುದ್ರೆಯ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಮೈ ಜುಮ್ಮೆನ್ನುವುದು ನಿಜ.

ಆದರೆ ಎರಡರ ನಡುವೆ ಸುಮಾರು ಎರಡು ಸಾವಿರ ವರ್ಷಗಳ ಅಂತರವಿದೆ. ಮುದ್ರೆಯ ಕೊಂಬುಗಳು ಎಮ್ಮೆ ಇಲ್ಲವೆ ಎತ್ತಿನವು, ಕವಲಿಲ್ಲದವು, ಎಂದಿಗೂ ಉದುರದವು. ಗಾಲ್ ದೇವರದು ವರ್ಷಕ್ಕೊಮ್ಮೆ ಉದುರುವ ಸಾರಂಗದ ಕೊಂಬು. ಸಿಂಧೂ ಲಿಪಿಯನ್ನು ಇನ್ನೂ ಯಾರೂ ಸರ್ವಸಮ್ಮತವಾಗಿ ಓದಿಲ್ಲವಾದ್ದರಿಂದ ಮುದ್ರೆಯ ಆಕೃತಿ ಶಿವನೇ ಎಂಬುದೂ ವಿವಾದಿತ. ಕೂರುವ ಭಂಗಿಯ ವಿಷಯಕ್ಕೆ ಬಂದರೆ, ಗಾಲ್ ಜನರು ಊಟಕ್ಕೆ ಕುರ್ಚಿಯ ಮೇಲಲ್ಲ, ತೋಳ ಅಥವಾ ನಾಯಿಯ ಚರ್ಮ ಹಾಸಿ ನೆಲದ ಮೇಲೆ ಕೂರುತ್ತಾರೆಂದು ಗ್ರೀಕ್ ಲೇಖಕ ದಿಯೊದೊರಸ್ ಬರೆದಿದ್ದಾನೆ. ದೇವರನ್ನೂ ತಾವು ಕೂರುವ ಹಾಗೆಯೇ ಕೂರಿಸಿದರೆಂದುಕೊಂಡರೆ ಸಾಕು, ಗಾಲ್‌ಗೆ ಯೋಗಾಸನ ಹೋಗಬೇಕಾಗಿಲ್ಲ.

ಇಂತಹ ದೇವರುಗಳ ಪೂಜೆ ಹೇಗೆ ನಡೆಯುತ್ತಿತ್ತು?

ಕೆರ್ನುನ್ನೋಸನಿಗೇ ಮೀಸಲಾದ ವಿಧಿಗಳ ವಿವರ ಉಳಿದಿಲ್ಲ, ಗಾಲೋ-ರೋಮನ್ ಗುಡಿಗಳ ಸಾಮಾನ್ಯ ರೀತಿ ಮಾತ್ರ ತಿಳಿದಿದೆ. ನಡುವೆ ಎತ್ತರದ ಚೌಕವಾದ ಗರ್ಭಗುಡಿ, ಅದರ ನಾಲ್ಕೂ ಸುತ್ತ ಕಂಬಗಳ ಮೊಗಸಾಲೆ. ನಮ್ಮ ದೇವಸ್ಥಾನಗಳನ್ನು ಬಲ್ಲವರು ತಳವಿನ್ಯಾಸವನ್ನು ನೋಡಿದ ಕೂಡಲೇ ಪ್ರದಕ್ಷಿಣೆ ಎನ್ನುತ್ತಾರೆ, ಪುರಾತತ್ತ್ವಜ್ಞರಲ್ಲಿಯೂ ಹಲವರು ಹಾಗೆಯೇ ಯೋಚಿಸಿದ್ದಾರೆ. ಗಾಲ್ ಜನರು ದೇವರಿಗೆ ನಮಿಸುವಾಗ ಬಲಕ್ಕೆ ತಿರುಗುತ್ತಾರೆಂದು ಗ್ರೀಕ್ ಲೇಖಕ ಪೊಸಿದೊನಿಯಸ್ ಹೇಳಿದ್ದಾನೆ. ಎಡಕ್ಕೆ ತಿರುಗುವುದೇ ಹೆಚ್ಚು ಶ್ರೇಷ್ಠವೆಂದು ಅವರ ನಂಬಿಕೆ ಎನ್ನುತ್ತಾನೆ ರೋಮಿನ ಪ್ಲಿನಿ. ಇಬ್ಬರಲ್ಲಿ ಯಾರನ್ನು ನಂಬುವುದೋ ಓದುಗರಿಗೆ ಬಿಟ್ಟದ್ದು.

ಭಕ್ತರ ವ್ಯವಹಾರದ ತಿರುಳು ಹರಕೆ. ಇಂತಹದು ಆದರೆ ಇಂತಹದನ್ನು ಒಪ್ಪಿಸುತ್ತೇನೆಂದು ದೇವರ ಮುಂದೆ ಮಾತು ಕೊಡುವುದು, ಆದ ಮೇಲೆ ಕಲ್ಲನ್ನೋ ಫಲಕವನ್ನೋ ಮೂರ್ತಿಯನ್ನೋ ಒಪ್ಪಿಸಿ ಋಣ ತೀರಿಸುವುದು. ಸಾವಿರಾರು ರೋಮನ್ ಕಲ್ಲುಗಳ ಕೊನೆಯಲ್ಲಿ ಬರುವ ‘ವಿ ಎಸ್ ಎಲ್ ಎಂ’ ಎಂಬ ನಾಲ್ಕು ಲ್ಯಾಟಿನ್ ಅಕ್ಷರಗಳ ಅರ್ಥ ‘ಹರಕೆಯನ್ನು ಮನಃಪೂರ್ವಕವಾಗಿ, ದೇವರಿಗೆ ಸಲ್ಲತಕ್ಕಂತೆ ತೀರಿಸಿದನು’ ಎಂದು.

ಕ್ರೈಸ್ತರ ಸೈತಾನನಿಗೆ ಕೊಂಬು ಬಂದದ್ದು ಇವನಿಂದಲೆ?

ಹಾಗೆಂದು ಪುರಾವೆಯಿಲ್ಲ. ಸೈತಾನನ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೇಕೆಯ ಕೊಂಬು ಮತ್ತು ಗೊರಸು, ಸಾರಂಗದ ಕವಲುಗೊಂಬಲ್ಲ.

ಇಂದಿಗೂ ಇವನನ್ನು ಪೂಜಿಸುವವರು ಇದ್ದಾರಂತೆ, ಅದು ಹಳೆಯ ಪರಂಪರೆಯೆ?

ಇದ್ದಾರೆ, ಆದರೆ ಪರಂಪರೆ ಹೊಸದು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಾಮ್ರಾಟ ಥಿಯೊಡೋಸಿಯಸ್ ಹಳೆಯ ದೇವರುಗಳ ಪೂಜೆಯನ್ನು ಕಾನೂನಿನಿಂದ ನಿಷೇಧಿಸಿದನು. 397ರಲ್ಲಿ ತೀರಿಕೊಂಡ ತೂರ್ ನಗರದ ಬಿಷಪ್ ಮಾರ್ಟಿನ್ ಗಾಲ್‌ನ ಹಳ್ಳಿಗಳಲ್ಲಿ ಗುಡಿಗಳನ್ನು ಕೆಡವಿದ ಕಥೆಗಳು ಅವನ ಚರಿತ್ರೆಯಲ್ಲಿ ತುಂಬಿವೆ. ಕೆರ್ನುನ್ನೋಸ್ ಎಂಬ ಹೆಸರು ಅನಂತರ 1711ರವರೆಗೆ ಮಣ್ಣಿನಡಿ ಇತ್ತು. ಮಾಟಗಾತಿಯರೆಂದು ಶಿಕ್ಷೆಗೊಳಗಾದವರು ಪ್ರಾಚೀನ ಕೊಂಬಿನ ದೇವರ ಭಕ್ತರಾಗಿದ್ದರೆಂದು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಾರ್ಗರೆಟ್ ಮರ್ರೆ ವಾದಿಸಿದರು. ಆ ವಾದವನ್ನು ಇತಿಹಾಸಕಾರರು ತಳ್ಳಿಹಾಕಿದರೂ, ಇಂಗ್ಲೆಂಡಿನಲ್ಲಿ ಜೆರಾಲ್ಡ್ ಗಾರ್ಡ್ನರ್ 1950ರ ದಶಕದಲ್ಲಿ ಪ್ರಚಾರಕ್ಕೆ ತಂದ, ಕೊಂಬಿನ ದೇವರನ್ನು ಪೂಜಿಸುವ ವಿಕ್ಕಾ ಎಂಬ ಪಂಥಕ್ಕೆ ಅದು ಬುನಾದಿಯಾಯಿತು. ಇಂದಿನ ಭಕ್ತರ ಶ್ರದ್ಧೆ ಅವರದು, ಅದನ್ನು ಹೀಗಳೆಯಬೇಕಾಗಿಲ್ಲ, ಅದನ್ನು ಅಂಬಿಗರ ಕಾಲದಿಂದ ಬಂದದ್ದೆನ್ನಲೂ ಆಗುವುದಿಲ್ಲ.

ಈ ಮೂರ್ತಿಗಳನ್ನು ಇಂದು ಎಲ್ಲಿ ನೋಡಬಹುದು?

ಅಂಬಿಗರ ಕಂಬದ ಕಲ್ಲುಗಳು ಪ್ಯಾರಿಸ್ಸಿನ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿ, ರೋಮನ್ ಕಾಲದ ಸ್ನಾನಗೃಹದ ತಣ್ಣೀರಿನ ಕೋಣೆಯಲ್ಲಿ ಇವೆ. ಇಂದಿಗೂ ಚಾವಣಿ ಬಿದ್ದಿರದ ಆ ಎತ್ತರದ ಕೋಣೆಯ ಕಮಾನುಗಳು ಇಳಿಯುವ ಕಡೆ ದೋಣಿಯ ಮೂತಿಯ ಆಕಾರದ ಕೆತ್ತನೆಗಳಿವೆ, ಅವುಗಳ ಕಾರಣದಿಂದ ಸ್ನಾನಗೃಹವನ್ನು ಕಟ್ಟಿಸಿದವರೂ ಅದೇ ಅಂಬಿಗರ ಸಂಘದವರೆಂದು ಹಲವರು ಎಣಿಸಿದ್ದಾರೆ. ರೆಂಸ್‌ನ ಉಬ್ಬುಶಿಲ್ಪ ಅದೇ ನಗರದ ಸೆಂ-ರೆಮಿ ಸಂಗ್ರಹಾಲಯದಲ್ಲಿಯೂ, ಕೊಪ್ಪರಿಗೆ ಕೋಪನ್‌ಹೇಗನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿಯೂ, ಕೊಂಬಿನ ದೇವಿಯ ಕಂಚಿನ ಮೂರ್ತಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿಯೂ ಇವೆ.

ಪ್ಯಾರಿಸ್ಸಿಗೆ ಹೋದವರು ಹತ್ತಿರದ ಸೆಂ-ಜೆರ್ಮೆನ್-ಆನ್-ಲೇ ಊರಿನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯಕ್ಕೂ ಹೋಗಬೇಕು. ನೆತ್ತಿಯಲ್ಲಿ ತೂತುಗಳಿರುವ ಕಂಚಿನ ಮೂರ್ತಿ ಅಲ್ಲಿದೆ. ಅದರ ಜೊತೆಗೆ ಬೂರೇ ಎಂಬಲ್ಲಿ ನದಿಯಲ್ಲಿ ಸಿಕ್ಕ ಇನ್ನೊಂದು ಕಂಚಿನ ದೇವರೂ ಇದ್ದಾನೆ: ಕೊರಳಲ್ಲಿ ಕೊರಳಬಳೆ, ಮಡಚಿದ ಪುಟ್ಟ ಕಾಲುಗಳು, ತಲೆಯ ಮೇಲೆ ಕೊಂಬಿಲ್ಲ. ಬಗ್ಗಿ ನೋಡಿದರೆ ಪಾದಗಳಿರಬೇಕಾದ ಕಡೆ ಸಾರಂಗದ ಗೊರಸುಗಳಿವೆ.